ಮೇಳದ ಮೊದಲ ಹಾಡು ಬಿಡುವವರಿಗೆ: ಹಾಡು ಆರಿಸುವುದರಿಂದ ಜನರ ಮಾತು ಕೇಳುವವರೆಗೆ

ನಮ್ಮ ಕಡೆ ಭಜನಾ ಮೇಳವೋ ಹೆಜ್ಜೆ ಮೇಳವೋ ಇಲ್ಲದ ಊರು ಹುಡುಕುವುದು ಕಷ್ಟ. ಶ್ರಾವಣ, ಶಿವರಾತ್ರಿ, ಮೊಹರಂ, ಜಾತ್ರೆ, ಯಾವುದು ಬಂದರೂ ರಾತ್ರಿಯಿಡೀ ಹಾಡುವ ಗಟ್ಟಿ ಗಂಟಲುಗಳು ಕೊಪ್ಪಳ, ರಾಯಚೂರು, ಬಳ್ಳಾರಿ ಮೂರೂ ಜಿಲ್ಲೆಯಲ್ಲಿವೆ. ಈಗ ಆ ಮೇಳದವರಿಗೆ ತಮ್ಮದೊಂದು ಹಾಡು ಚೆಂದಾಗಿ ರೆಕಾರ್ಡ್ ಆಗಿ ಯೂಟ್ಯೂಬ್‌ನಲ್ಲಿ, ಸ್ಪಾಟಿಫೈನಲ್ಲಿ ಬರಲಿ ಅಂತ ಆಸೆ. ಆಸೆ ಸರಿಯಾಗೇ ಇದೆ. ಆದರೆ ಇದ್ದಬದ್ದ ದುಡ್ಡನ್ನೆಲ್ಲ ಡ್ರೋನ್ ವಿಡಿಯೋಗೆ ಸುರಿದು, ಹಾಡು ಬಿಟ್ಟ ವಾರದಲ್ಲೇ ವ್ಯೂಸ್ ನೋಡಿ ಕೈಚೆಲ್ಲಿ ಕೂರುವ ಮೇಳಗಳನ್ನು ನೋಡಿದರೆ ಸಂಕಟವಾಗುತ್ತದೆ. ಮೊದಲ ಹಾಡಿನಿಂದ ಆಗಬೇಕಾದ ಕೆಲಸ ಒಂದೇ: ಇದು ಇಂಥ ಊರಿನ ಇಂಥ ಮೇಳದ ದನಿ ಅಂತ ಸುತ್ತಲ ಜನ ಗುರುತು ಹಿಡಿಯಬೇಕು. ಅದಕ್ಕೆ ಏನೇನು ಮಾಡಬೇಕು ಅಂತ ಹೇಳುತ್ತೇನೆ. ನಡುನಡುವೆ ಅಮೆರಿಕದ ಕಂಟ್ರಿ ಸಂಗೀತದ ತಂಡಗಳ ಮಾತೂ ಬರುತ್ತದೆ. ಅದೂ ಹಳ್ಳಿಗಾಡಿನಿಂದಲೇ ಎದ್ದ ಸಂಗೀತ, ಮತ್ತು ಅಲ್ಲಿನ ತಂಡಗಳ ಮೊದಲ ಹಾಡುಗಳ ಕಥೆಯಲ್ಲಿ ನಮಗೆ ಬೇಕಾದ ಪಾಠ ಬಹಳ ಇದೆ.

ಹಾಡು ಆರಿಸುವುದರಿಂದ ಶುರು ಮಾಡೋಣ. ಮೊದಲ ಬಾರಿಗೆ ಅಂತ ಹೊಸ ಹಾಡು ಬರೆಸಲು ಓಡಾಡಬೇಡಿ. ನೀವು ಹಾಡಲು ಕೂತಾಗ ನಡುರಾತ್ರಿಯಲ್ಲಿ ಯಾರೋ ಹಿಂದಿನಿಂದ "ಆ ಪದ ಒಂದು ಹಾಡ್ರಿ" ಅಂತ ಕೂಗುತ್ತಾರಲ್ಲ, ಆ ಪದವೇ ನಿಮ್ಮ ಮೊದಲ ಹಾಡು. ಅದನ್ನು ಜನ ಆಗಲೇ ಆರಿಸಿಕೊಟ್ಟಿದ್ದಾರೆ. ಝ್ಯಾಕ್ ಬ್ರೌನ್ ಬ್ಯಾಂಡ್ ಅಂತ ಅಮೆರಿಕದ ಜಾರ್ಜಿಯಾ ಕಡೆಯ ಕಂಟ್ರಿ ತಂಡ ಇದೆ. ಅವರ 'ಚಿಕನ್ ಫ್ರೈಡ್' ಅನ್ನುವ ಹಾಡು 2005ರಲ್ಲೇ ಅವರದೇ ಆಲ್ಬಂನಲ್ಲಿ ಬಂದಿತ್ತು. ಮರುವರ್ಷ ಬೇರೊಂದು ತಂಡ ಅದನ್ನು ತನ್ನ ಸಿಂಗಲ್ ಆಗಿ, ಅಂದರೆ ಬಿಡಿಯಾಗಿ ಹೊರತರುವ ಹಾಡಾಗಿ, ರೇಡಿಯೋಗೆ ಬಿಟ್ಟಿತು. ಇದು ನಮಗೇ ಇರಲಿ ಅಂತ ಬ್ರೌನ್ ಪಟ್ಟು ಹಿಡಿದಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. 2008ರಲ್ಲಿ ಅದೇ ಹಾಡನ್ನು ತಮ್ಮ ಮೊದಲ ಸಿಂಗಲ್ ಆಗಿ ಬಿಟ್ಟರು, ಆ ವರ್ಷದ ಡಿಸೆಂಬರ್‌ನಲ್ಲಿ ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯಲ್ಲಿ (ಅಮೆರಿಕದಲ್ಲಿ ಯಾವ ಹಾಡು ಎಷ್ಟು ಓಡುತ್ತಿದೆ ಅಂತ ವಾರವಾರ ಹಾಕುವ ಪಟ್ಟಿ) ಅದು ಮೊದಲ ಸ್ಥಾನಕ್ಕೆ ಏರಿತು. ವರ್ಷಗಟ್ಟಲೆ ಹಾಡಿ ಹದ ಬಂದ ಹಾಡನ್ನೇ ಮುಂದೆ ಇಟ್ಟರು, ಅದೂ ಬೇರೆಯವರ ಕೈಗೆ ಹೋಗದಂತೆ ಕಾಪಾಡಿಕೊಂಡು.

ಉದ್ದದ ಬಗ್ಗೆ ಒಂದು ಮಾತು. ದರೋಜಿಯ ಬುರ್ರಕಥಾ ಈರಮ್ಮ ಅಕ್ಷರ ಕಲಿತವರಲ್ಲ, ಆದರೂ ದೊಡ್ಡ ದೊಡ್ಡ ಕಾವ್ಯಗಳನ್ನು ಬಾಯಲ್ಲೇ ಇಟ್ಟುಕೊಂಡಿದ್ದರು. ಅಂಥ ಪರಂಪರೆಯಿಂದ ಬಂದವರು ನೀವಾಗಿದ್ದರೆ ನಾಲ್ಕು ನಿಮಿಷಕ್ಕೆ ಕತ್ತರಿಸು ಅಂದಾಗ ಹೊಟ್ಟೆ ಉರಿಯುವುದು ಸಹಜ. ಕತ್ತರಿಸಬೇಡಿ. ಕಥೆಯ ಒಂದು ಸಂದರ್ಭವನ್ನು ಇಡಿಯಾಗಿ ಎತ್ತಿಕೊಳ್ಳಿ, ತಾನೇ ತಾನಾಗಿ ನಿಲ್ಲುವಂಥದ್ದನ್ನು. ಪೂರ್ತಿ ಕಥೆಯನ್ನು ಬೇರೆ ವಿಡಿಯೋ ಆಗಿ ಆಮೇಲೆ ಹಾಕಬಹುದು. ತತ್ವಪದವಾದರೆ ಪಲ್ಲವಿ ಮತ್ತು ಮೂರು ನುಡಿ ಸಾಕು, ಆದರೆ ಅಂಕಿತ ಬರುವ ಕೊನೆಯ ನುಡಿಯನ್ನು ಮಾತ್ರ ಬಿಡಬೇಡಿ. ಅಂಕಿತ ಬಿಟ್ಟು ಹಾಡುವುದು ಬರೆದವರ ಹೆಸರು ಅಳಿಸಿದ ಹಾಗೇ.

ಇನ್ನು ಹಕ್ಕಿನ ವಿಷಯ. ಇದನ್ನು ಬಹಳ ಮಂದಿ ಬೇಜಾರು ಅಂತ ಬಿಟ್ಟುಬಿಡುತ್ತಾರೆ, ಆಮೇಲೆ ಜಗಳ ಆಗುವುದು ಇಲ್ಲೇ. ಸಾಹಿತ್ಯ ಬೇರೆ, ಧಾಟಿ ಬೇರೆ, ರೆಕಾರ್ಡಿಂಗ್ ಬೇರೆ. ನಮ್ಮ 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಬರೆದವರು ತೀರಿಕೊಂಡ ಮುಂದಿನ ವರ್ಷದಿಂದ 60 ವರ್ಷ ಸಾಹಿತ್ಯದ ಮೇಲೆ ಹಕ್ಕು ನಡೆಯುತ್ತದೆ, ಸಂಗೀತಕ್ಕೂ ಹಾಗೇ. ಶಿಶುನಾಳ ಶರೀಫರು ತೀರಿಕೊಂಡದ್ದು 1889ರಲ್ಲಿ. ಅವರ ಪದ ಯಾರು ಬೇಕಾದರೂ ಹಾಡಬಹುದು. ಮಾನ್ವಿಯ ಜಗನ್ನಾಥದಾಸರ ಪದಗಳಿಗೂ ಇದೇ ಮಾತು. ಆದರೆ ಶರೀಫರ ಪದವನ್ನು ಸಿ. ಅಶ್ವತ್ಥ್ ಹಾಕಿದ ಧಾಟಿಯಲ್ಲಿ ಹಾಡಿದರೆ ಲೆಕ್ಕ ಬೇರೆ. ಅಶ್ವತ್ಥ್ ತೀರಿಕೊಂಡದ್ದು 2009ರಲ್ಲಿ, ಅಂದರೆ ಅವರ ಸಂಗೀತದ ಮೇಲಿನ ಹಕ್ಕು 2069ರ ಕೊನೆವರೆಗೂ ಇರುತ್ತದೆ. ಸಾಹಿತ್ಯ ಹಳೆಯದು, ಅದಕ್ಕೇ ಹಾಡೂ ಎಲ್ಲರದ್ದು ಅಂತ ತಿಳಿಯಬೇಡಿ. ನಿಮ್ಮ ಊರ ಹಿರಿಯರು ಹಾಡಿಕೊಂಡು ಬಂದ ಧಾಟಿಯಲ್ಲೇ ಹಾಡಿ. ಕಾನೂನಿನ ತಲೆನೋವೂ ಇಲ್ಲ, ಕೇಳುವವರಿಗೆ ಹೊಸದಾಗಿಯೂ ಇರುತ್ತದೆ.

ಹಿರಿಯರು ಅಂದೆ ಅಲ್ವಾ, ಅವರ ಹೆಸರು ಹಾಕಿ. 1927ರ ಆಗಸ್ಟ್‌ನಲ್ಲಿ ವರ್ಜೀನಿಯಾದ ಗುಡ್ಡಗಾಡಿನಿಂದ ಕಾರ್ಟರ್ ಫ್ಯಾಮಿಲಿ ಅನ್ನುವ ಮೂವರ ತಂಡ ಬ್ರಿಸ್ಟಲ್ ಪಟ್ಟಣಕ್ಕೆ ಬಂತು. ಅಲ್ಲಿ ರಾಲ್ಫ್ ಪೀರ್ ಅನ್ನುವವರು ವಿಕ್ಟರ್ ಕಂಪನಿಗಾಗಿ ಹಾಡು ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಎರಡು ದಿನದಲ್ಲಿ ಆರು ಹಾಡು ಹಾಡಿದರು. ಅದೇ ವರ್ಷ ಮೊದಲ ಪ್ಲೇಟು ಹೊರಬಂತು, ಮುಂದೆ ಕಂಟ್ರಿ ಸಂಗೀತಕ್ಕೆ ಅವರೇ ಬುನಾದಿ ಅನ್ನುವಷ್ಟು ದೊಡ್ಡ ಹೆಸರಾಯಿತು. ಆಮೇಲಿನ ವರ್ಷಗಳಲ್ಲಿ ತಂಡದ ಎ. ಪಿ. ಕಾರ್ಟರ್ ಊರೂರು ಸುತ್ತಿ ಹಾಡು ಸಂಗ್ರಹಿಸುವಾಗ ಜೊತೆಗಿದ್ದವರು ಲೆಸ್ಲಿ ರಿಡಲ್ ಅನ್ನುವ ಕಪ್ಪು ಜನಾಂಗದ ಗಿಟಾರ್ ವಾದಕರು. ಕಾರ್ಟರ್ ಸಾಹಿತ್ಯ ಬರೆದುಕೊಳ್ಳುತ್ತಿದ್ದರು, ರಿಡಲ್ ಧಾಟಿಯನ್ನು ನೆನಪಿಟ್ಟುಕೊಂಡು ಬಂದು ತಂಡಕ್ಕೆ ಕಲಿಸುತ್ತಿದ್ದರು. ಪ್ಲೇಟಿನ ಮೇಲೆ ಬಂದದ್ದು ಕಾರ್ಟರ್ ಹೆಸರು. ರಿಡಲ್ ಯಾರು ಅಂತ ಲೋಕಕ್ಕೆ ಗೊತ್ತಾಗಲು ದಶಕಗಳೇ ಬೇಕಾದವು. ನಮ್ಮಲ್ಲೂ ಬೀಸುವ ಪದ, ಸೋಬಾನೆ ಪದ ಕಲಿಸಿದ ಎಷ್ಟೋ ಅಜ್ಜಿಯರ ಕಥೆ ಇದೇ. ವಿವರಣೆಯಲ್ಲಿ "ಜಾನಪದ" ಅಂತ ಬರೆದು ಕೈತೊಳೆದುಕೊಳ್ಳಬೇಡಿ. "ಹಾಡಿಕೊಟ್ಟವರು" ಅಂತ ಅವರನ್ನು ಕೇಳಿ ಹೆಸರು, ಊರು ಹಾಕಿ. ದುಡ್ಡು ಬಂದರೆ ಅವರಿಗೂ ಒಂದು ಪಾಲು ಇಡಿ.

ಪಾಲಿನ ಮಾತು ರೆಕಾರ್ಡಿಂಗ್‌ಗೆ ಮುಂಚೆಯೇ ಕಾಗದದ ಮೇಲೆ ಬರಲಿ. ಹಾಡುವವರು, ಹಾರ್ಮೋನಿಯಂ, ತಬಲಾ, ಹಿಮ್ಮೇಳ, ಯಾರಿಗೆ ಎಷ್ಟು, ಯೂಟ್ಯೂಬ್ ಚಾನೆಲ್ ಯಾರ ಹೆಸರಲ್ಲಿ, ಪಾಸ್‌ವರ್ಡ್ ಯಾರ ಬಳಿ, ಮೇಳ ಒಡೆದರೆ ಹಾಡು ಯಾರದ್ದು. ಎಲ್ಲರೂ ಸಹಿ ಹಾಕಲಿ. ಅಣ್ಣತಮ್ಮಂದಿರ ಮೇಳವಾದರಂತೂ ಬರೆಯಲೇಬೇಕು. ಯಾವುದಾದರೂ ಆಡಿಯೋ ಕಂಪನಿ "ನಾವೇ ಖರ್ಚು ಹಾಕ್ತೀವಿ, ಇಲ್ಲಿ ಸಹಿ ಮಾಡಿ" ಅಂತ ಬಂದರೆ ಅಲ್ಲೇ ಸಹಿ ಮಾಡಬೇಡಿ. ಕಾಗದವನ್ನು ಮನೆಗೆ ತಂದು ಓದಿಸಿ. ಹಕ್ಕು ಬರೆದುಕೊಡುವಾಗ ಅವಧಿ ನಮೂದಿಸದಿದ್ದರೆ ಕಾಯ್ದೆ ಅದನ್ನು 5 ವರ್ಷ ಅಂತ ತಿಳಿಯುತ್ತದೆ, ಪ್ರದೇಶ ನಮೂದಿಸದಿದ್ದರೆ ಭಾರತ ಮಾತ್ರ ಅಂತ. ಅದಕ್ಕೇ ಅವರು "ಶಾಶ್ವತವಾಗಿ, ಜಗತ್ತಿನಾದ್ಯಂತ" ಅಂತ ಬರೆದಿರುತ್ತಾರೆ. ಆ ಎರಡು ಪದ ಹುಡುಕಿ, ಅಲ್ಲೇ ಮಾತಾಡಿ. ಸಾಹಿತ್ಯ ನಿಮ್ಮದೇ ಆಗಿದ್ದರೆ, ಅಥವಾ ರಾಗ ಹಾಕಿದ್ದು ನೀವೇ ಆಗಿದ್ದರೆ, 2012ರ ತಿದ್ದುಪಡಿಯಿಂದ ನಿಮಗೊಂದು ಬಲ ಇದೆ. ರಾಯಲ್ಟಿಯಲ್ಲಿ ನಿಮ್ಮ ಸಮಪಾಲನ್ನು ಕಂಪನಿಗೆ ಬಿಟ್ಟುಕೊಟ್ಟೆ ಅಂತ ಬರೆಸಿಕೊಂಡರೂ ಅದು ನಿಲ್ಲುವುದಿಲ್ಲ. ಆ ರಾಯಲ್ಟಿ ಸಂಗ್ರಹಿಸುವುದು ಐಪಿಆರ್‌ಎಸ್ ಅನ್ನುವ ಸಂಸ್ಥೆ, ಕವಿಗಳೂ ಸಂಗೀತ ಸಂಯೋಜಕರೂ ಅಲ್ಲಿ ಸದಸ್ಯರಾಗಬಹುದು.

ರೆಕಾರ್ಡಿಂಗ್‌ಗೆ ಬೆಂಗಳೂರಿಗೆ ಹೋಗಲೇಬೇಕು ಅಂತ ಏನಿಲ್ಲ. ಸದ್ದಿಲ್ಲದ ಒಂದು ಕೋಣೆ, ಎರಡು ಮೂರು ಒಳ್ಳೆ ಮೈಕು, ಕಿವಿ ಇರುವ ಒಬ್ಬ ಎಂಜಿನಿಯರ್ ಸಾಕು. ಸದ್ದಿಲ್ಲದ ಕೋಣೆ ಸಿಗುವುದೇ ಕಷ್ಟ. ಗಂಗಾವತಿ, ಕಾರಟಗಿ, ಸಿಂಧನೂರು ಕಡೆ ಅಕ್ಕಿ ಗಿರಣಿಗಳಿವೆ, ರಸ್ತೆಯಲ್ಲಿ ಭತ್ತದ ಲಾರಿ ಓಡಾಡುತ್ತಲೇ ಇರುತ್ತವೆ. ಬೆಳಗಿನ ಜಾವ ನಾಲ್ಕಕ್ಕೆ ಶುರು ಮಾಡಿ. ಆ ಹೊತ್ತಿಗೆ ಗಂಟಲೂ ತೆರೆದಿರುವುದಿಲ್ಲ, ನಿಜ. ಅರ್ಧ ಗಂಟೆ ಮೊದಲೇ ಎದ್ದು ಬಿಸಿನೀರು ಕುಡಿದು ಒಂದೆರಡು ಪದ ಹಾಡಿಕೊಂಡು ಬನ್ನಿ. ಏಪ್ರಿಲ್, ಮೇ ತಿಂಗಳಲ್ಲಿ ಮಾಡಲೇಬೇಡಿ. ರಾಯಚೂರಿನ ಬಿಸಿಲಿಗೆ ಫ್ಯಾನ್ ಆರಿಸಿ ಕೂರಲು ಆಗುವುದಿಲ್ಲ, ಫ್ಯಾನ್ ಹಾಕಿದರೆ ಅದರ ಗುಂಯ್ ಅನ್ನುವ ಸದ್ದು ಎಲ್ಲ ಮೈಕಲ್ಲೂ ಕೂರುತ್ತದೆ.

ಚರ್ಮವಾದ್ಯದ ಬಗ್ಗೆ ಎಂಜಿನಿಯರ್‌ಗೆ ಮೊದಲೇ ತಿಳಿಸಿ, ಅವರಿಗೆ ಗೊತ್ತಿರುವುದಿಲ್ಲ. ಹಲಗೆಯನ್ನು, ದಮ್ಮಡಿಯನ್ನು ಬೆಂಕಿಗೆ ಕಾಯಿಸಿ ಬಿಗಿ ಮಾಡುತ್ತೇವೆ ಅಲ್ವಾ. ಮೊದಲ ಟೇಕ್‌ನಲ್ಲಿ ಟಣ್ ಅಂತ ನುಡಿದದ್ದು ಸ್ವಲ್ಪ ಹೊತ್ತಿಗೆ ಸಡಿಲಾಗಿ ಡಬ್ ಡಬ್ ಅನ್ನಲು ಶುರುವಾಗುತ್ತದೆ. ತೇವದ ಹವೆ ಇದ್ದರೆ, ಏಸಿ ಕೋಣೆಯಾದರೆ ಇನ್ನೂ ಬೇಗ. ಆಮೇಲೆ ಒಂದನೇ ಟೇಕಿನ ಪಲ್ಲವಿಗೆ ಮೂರನೇ ಟೇಕಿನ ನುಡಿ ಜೋಡಿಸಲು ಹೋದರೆ ಎರಡು ಬೇರೆ ವಾದ್ಯ ಕೇಳಿದ ಹಾಗಿರುತ್ತದೆ. ಹೊರಗೆ ಅಂಗಳದಲ್ಲಿ ಹುಲ್ಲು, ಕಾಗದ ಇಟ್ಟುಕೊಂಡು ಒಬ್ಬರು ಸಿದ್ಧವಾಗಿರಲಿ, ಪ್ರತಿ ಟೇಕ್‌ಗೂ ಮುಂಚೆ ಕಾಯಿಸಲಿ. ದಮ್ಮಡಿಯ ಗೆಜ್ಜೆ ಮೈಕಿಗೆ ಹತ್ತಿರ ಬಂದರೆ ಹಾಡುವವರ ದನಿಯನ್ನೇ ನುಂಗುತ್ತದೆ. ಅದನ್ನು ನುಡಿಸುವವರು ನಾಲ್ಕು ಹೆಜ್ಜೆ ಹಿಂದೆ, ಪಕ್ಕಕ್ಕೆ ತಿರುಗಿ ನಿಲ್ಲಲಿ. ಹಾರ್ಮೋನಿಯಂ ತಿದಿ ಒತ್ತುವ ಸದ್ದು ಮೈಕಿಗೆ ಬೀಳದಂತೆ ಮೈಕನ್ನು ಮೇಲಿನಿಂದ ಇಳಿಬಿಡಿ, ಕೆಳಗೆ ದಪ್ಪ ಕಂಬಳಿ ಹಾಸಿ.

ಒಬ್ಬೊಬ್ಬರನ್ನೇ ಕೂಡಿಸಿ ರೆಕಾರ್ಡ್ ಮಾಡೋಣ, ಕಿವಿಗೆ ಕ್ಲಿಕ್ (ಒಂದೇ ಲಯದಲ್ಲಿ ಟಕ್ ಟಕ್ ಅನ್ನುವ ಯಂತ್ರದ ತಾಳ) ಹಾಕಿಕೊಂಡು ಹಾಡಿ ಅಂತ ಎಂಜಿನಿಯರ್ ಹೇಳಬಹುದು. ಬೇಡ ಅನ್ನಿ. ನಮ್ಮ ಪದಗಳು ಕೊನೆಗೆ ಬರುತ್ತ ಬರುತ್ತ ಲಯ ಏರುತ್ತವೆ, ಜನ ಎದ್ದು ಕೂರುವುದು ಅಲ್ಲೇ. ಕ್ಲಿಕ್ ಹಾಕಿದರೆ ಅದು ಸತ್ತುಹೋಗುತ್ತದೆ. ಎಲ್ಲರೂ ಅರ್ಧಚಂದ್ರಾಕಾರ ಕೂತು ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಾಡಿ. ಆಟೋಟ್ಯೂನ್ ಅನ್ನುವ ಸ್ವರ ತಿದ್ದುವ ಸಾಫ್ಟ್‌ವೇರ್ ವಿಷಯದಲ್ಲೂ ನಾನು ಕಟ್ಟುನಿಟ್ಟು. ಮುಮ್ಮೇಳದವರು ಸ್ವರವನ್ನು ಜಗ್ಗಿ ಎಳೆಯುವ ರೀತಿ ಇದೆಯಲ್ಲ, ಅದನ್ನು ಆ ಸಾಫ್ಟ್‌ವೇರ್ ತಪ್ಪು ಅಂತ ತಿಳಿದು ನೇರ ಮಾಡಿಬಿಡುತ್ತದೆ.

ಮಿಕ್ಸ್ ಆದಮೇಲೆ ಸ್ಟುಡಿಯೋದ ದೊಡ್ಡ ಸ್ಪೀಕರ್‌ನಲ್ಲಿ ಕೇಳಿ ಸರಿ ಅನ್ನಬೇಡಿ. ಪೆನ್‌ಡ್ರೈವ್‌ಗೆ ಹಾಕಿಕೊಂಡು ಟ್ರ್ಯಾಕ್ಟರ್ ಡೆಕ್‌ನಲ್ಲಿ ಕೇಳಿ, ಟಂಟಂ ಗಾಡಿಯಲ್ಲಿ ಕೇಳಿ, ಅಗ್ಗದ ಮೊಬೈಲ್‌ನಲ್ಲಿ ಕೇಳಿ. ನಿಮ್ಮ ಹಾಡು ಓಡುವುದು ಅಲ್ಲೇ. ಟ್ರ್ಯಾಕ್ಟರ್‌ನಲ್ಲಿ ಬೇಸ್ ಜಾಸ್ತಿ ಇಟ್ಟಿರುತ್ತಾರೆ, ತಬಲಾದ ಡಗ್ಗಾ ಉಕ್ಕಿ ಸಾಹಿತ್ಯ ಮುಳುಗಬಾರದು. ಮೊಬೈಲ್‌ನಲ್ಲಿ ತದ್ವಿರುದ್ಧ, ಹಲಗೆಯ ದಪ್ಪ ದನಿ ಕೇಳಿಸುವುದೇ ಇಲ್ಲ, ಕಡ್ಡಿಯ ಪೆಟ್ಟಾದರೂ ಕೇಳಬೇಕು. ಜೋರು ಇರಲಿ ಅಂತ ಎಲ್ಲವನ್ನೂ ಹಿಗ್ಗಿಸಬೇಡಿ. ಸ್ಪಾಟಿಫೈ ಎಲ್ಲ ಹಾಡನ್ನೂ ಹೆಚ್ಚುಕಡಿಮೆ ಒಂದೇ ಜೋರಿಗೆ, ಅಂದರೆ ಸದ್ದು ಅಳೆಯುವ ಲೆಕ್ಕದಲ್ಲಿ ಮೈನಸ್ 14 ಎಲ್‌ಯುಎಫ್‌ಎಸ್ ಮಟ್ಟಕ್ಕೆ ತಂದು ನುಡಿಸುತ್ತದೆ. ಜೋರಾಗಿ ಮಾಡಿ ಕಳಿಸಿದ್ದನ್ನು ಅದು ಇಳಿಸುತ್ತದೆ, ನಿಮಗೆ ಉಳಿಯುವುದು ಕರ್ಕಶ ಮಾತ್ರ.

ಹಾಡನ್ನು ಎಲ್ಲ ಆ್ಯಪ್‌ಗಳಿಗೆ ತಲುಪಿಸಲು ಒಬ್ಬ ಡಿಸ್ಟ್ರಿಬ್ಯೂಟರ್ ಬೇಕು. ಅವರು ಕೇಳುವುದು ವಾವ್ ಫೈಲು (ಕುಗ್ಗಿಸದ ಪೂರ್ತಿ ಗುಣಮಟ್ಟದ ಆಡಿಯೋ), 3000 ಪಿಕ್ಸೆಲ್ ಚೌಕದ ಮುಖಚಿತ್ರ, ಮತ್ತು ಹೆಸರುಗಳು. 12 ಅಕ್ಷರದ ಐಎಸ್‌ಆರ್‌ಸಿ ಅನ್ನುವ ಗುರುತಿನ ಸಂಖ್ಯೆ ಅವರೇ ಕೊಡುತ್ತಾರೆ, ಬರೆದಿಟ್ಟುಕೊಳ್ಳಿ, ಮುಂದೆ ಡಿಸ್ಟ್ರಿಬ್ಯೂಟರ್ ಬದಲಿಸಿದರೂ ಅದೇ ಸಂಖ್ಯೆ ಬೇಕು. ಹೆಸರಿನಲ್ಲೇ ಜಾಸ್ತಿ ಎಡವಟ್ಟು. ಶ್ರೀ ಮಾರುತೇಶ್ವರ ಭಜನಾ ಮಂಡಳಿ ಅನ್ನುವ ಹೆಸರು ಎಷ್ಟು ಊರಲ್ಲಿರಬಹುದು ಯೋಚಿಸಿ. ಆ್ಯಪ್‌ನವರು ಎಲ್ಲವನ್ನೂ ಒಂದೇ ಪುಟಕ್ಕೆ ಸೇರಿಸಿಬಿಡುತ್ತಾರೆ. ಹೆಸರಿನ ಮುಂದೆ ಊರು ಸೇರಿಸಿ, ಎಲ್ಲ ಕಡೆ ಒಂದೇ ಕಾಗುಣಿತ ಇರಲಿ. ಭಾಷೆ ಕೇಳಿದಾಗ ಕನ್ನಡ ಆರಿಸಿ, ಸುಮ್ನೆ ಮೊದಲು ಕಂಡದ್ದನ್ನು ಒತ್ತಬೇಡಿ. ಇನ್ನೊಂದು, ಡಿಸ್ಟ್ರಿಬ್ಯೂಟರ್ ಕಂಟೆಂಟ್ ಐಡಿ (ನಿಮ್ಮ ಹಾಡು ಬಳಸಿದ ವಿಡಿಯೋಗಳನ್ನು ಯೂಟ್ಯೂಬ್ ತಾನೇ ಗುರುತಿಸುವ ವ್ಯವಸ್ಥೆ) ಹಾಕಿದರೆ ನಿಮ್ಮದೇ ಚಾನೆಲ್‌ನ ವಿಡಿಯೋಗೆ ಹಕ್ಕಿನ ಕ್ಲೈಮ್ ಬರುತ್ತದೆ. ಗಾಬರಿ ಬೇಡ, ನಿಮ್ಮ ಚಾನೆಲ್ ಅನ್ನು ಬಿಡುಗಡೆಗೆ ಮುಂಚೆಯೇ ಅವರ ವಿನಾಯಿತಿ ಪಟ್ಟಿಗೆ ಸೇರಿಸಲು ಹೇಳಿ.

ದಿನ ಗೊತ್ತು ಮಾಡುವಾಗ ಊರಿನ ಕ್ಯಾಲೆಂಡರ್ ನೋಡಿ. ಭಜನೆ ಅಥವಾ ಶರಣರ ಪದವಾದರೆ ಕೊಪ್ಪಳದ ಗವಿಮಠದ ಜಾತ್ರೆ ಜನವರಿಯ ಹೊತ್ತಿಗೆ ಬರುತ್ತದೆ, ಅದಕ್ಕೆ ಒಂದೆರಡು ವಾರ ಮುಂಚೆ ಬಿಟ್ಟರೆ ಜಾತ್ರೆಗೆ ಹೋಗುವ ಗಾಡಿಗಳಲ್ಲಿ ಕೇಳುತ್ತದೆ. ರಿವಾಯತ್ ಪದವಾದರೆ ಮೊಹರಂಗೆ. ಮುದಗಲ್ ಮೊಹರಂಗೆ ಎಲ್ಲೆಲ್ಲಿಂದ ಜನ ಬರುತ್ತಾರೆ ಗೊತ್ತಲ್ಲ. ಆದರೆ ಮೊಹರಂ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಹೋದ ವರ್ಷದ ತಾರೀಕು ನಂಬಬೇಡಿ. ಕಾಲುವೆ ಕೆಳಗಿನ ಊರುಗಳಲ್ಲಿ ಭತ್ತದ ಕೊಯ್ಲಿನ ದಿನಗಳಲ್ಲಿ ಬಿಡಬೇಡಿ, ಯಾರಿಗೂ ಪುರುಸೊತ್ತು ಇರುವುದಿಲ್ಲ. ಫೈಲನ್ನು ಮೂರ್ನಾಲ್ಕು ವಾರ ಮುಂಚೆಯೇ ಕಳಿಸಿ. ಸ್ಪಾಟಿಫೈ ಪ್ಲೇಲಿಸ್ಟ್‌ಗೆ ಹಾಡು ಸೂಚಿಸಲು ಕಡೇಪಕ್ಷ ಏಳು ದಿನ ಮುಂಚೆ ಅರ್ಜಿ ಹಾಕಬೇಕು.

ಬಿಟ್ಟಿರಿ. ಈಗ ಜನ ಏನಂದರು ಅಂತ ನೋಡುವ ಹೊತ್ತು. 1991ರಲ್ಲಿ ಡೈಮಂಡ್ ರಿಯೋ ಅನ್ನುವ ಕಂಟ್ರಿ ತಂಡದ ಮೊದಲ ಸಿಂಗಲ್ ನೇರ ಮೊದಲ ಸ್ಥಾನಕ್ಕೆ ಹೋಯಿತು. ಮೊದಲ ಸಿಂಗಲ್‌ನಲ್ಲೇ ಬಿಲ್‌ಬೋರ್ಡ್ ಕಂಟ್ರಿ ಪಟ್ಟಿಯ ತುದಿ ಮುಟ್ಟಿದ ಮೊದಲ ಕಂಟ್ರಿ ತಂಡ ಅದು. ಅಷ್ಟು ದಶಕಗಳಲ್ಲಿ ಆವರೆಗೆ ಯಾವ ತಂಡಕ್ಕೂ ಆಗಿರಲಿಲ್ಲ ಅನ್ನುವುದನ್ನು ಗಮನಿಸಿ. ಲಿಟಲ್ ಬಿಗ್ ಟೌನ್ ಅಂತ ಇಬ್ಬರು ಗಂಡಸರು ಇಬ್ಬರು ಹೆಂಗಸರ ತಂಡ ಇದೆ. 2002ರಲ್ಲಿ ಅವರ ಮೊದಲ ಸಿಂಗಲ್ 33ನೇ ಸ್ಥಾನಕ್ಕೇ ನಿಂತಿತು, ಆಲ್ಬಂ ಓಡಲಿಲ್ಲ, ಆ ಕಂಪನಿಯ ನಂಟೂ ಹೋಯಿತು. ಅದೇ ನಾಲ್ವರು ಬಿಡದೆ ಹಾಡಿ, 2005ರಲ್ಲಿ ತಮ್ಮ ಹಳ್ಳಿಗಾಡಿನ ಹುಟ್ಟಿನ ಬಗ್ಗೆಯೇ ಹಾಡು ಬಿಟ್ಟಾಗ ಮೊದಲ ಹತ್ತರೊಳಗೆ ಬಂದರು. ಹಾಗಾಗಿ ಮೊದಲ ವಾರದ ವ್ಯೂಸ್ ನೋಡಿ ಮೇಳ ಮುರಿಯಬೇಡಿ. ವ್ಯೂಸ್ ಕೊಂಡುಕೊಳ್ಳಲಂತೂ ಹೋಗಲೇಬೇಡಿ. ಸುಳ್ಳು ವ್ಯೂಸ್ ಅಂತ ಗೊತ್ತಾದರೆ ಯೂಟ್ಯೂಬ್ ತೆಗೆದುಹಾಕುತ್ತದೆ, ಚಾನೆಲ್‌ಗೂ ಪೆಟ್ಟು ಬೀಳಬಹುದು, ಮತ್ತು ನಿಮ್ಮ ಹಾಡು ನಿಜವಾಗಿ ಎಲ್ಲಿ ಮುಟ್ಟಿದೆ ಅಂತ ತಿಳಿಯುವ ದಾರಿಯೇ ಮುಚ್ಚಿಹೋಗುತ್ತದೆ.

ಯೂಟ್ಯೂಬ್ ಸ್ಟುಡಿಯೋದಲ್ಲಿ ನೋಡಬೇಕಾದ್ದು ಜನ ಎಲ್ಲಿಯವರೆಗೆ ಕೇಳಿದರು ಅನ್ನುವ ಗೆರೆ. ಶುರುವಿನ ಹಾರ್ಮೋನಿಯಂನಲ್ಲೇ ಗೆರೆ ಕುಸಿದಿದ್ದರೆ ಮುಂದಿನ ಹಾಡಿಗೆ ದನಿ ಬೇಗ ಬರಲಿ. ನಡುವೆ ಒಂದು ಕಡೆ ಗೆರೆ ಉಬ್ಬಿದ್ದರೆ ಅಲ್ಲಿ ಜನ ಮತ್ತೆ ಹಿಂದೆ ಹೋಗಿ ಕೇಳಿದ್ದಾರೆ, ಆ ಸಾಲು ಯಾವುದು ಅಂತ ನೋಡಿ, ರೀಲ್ಸ್‌ಗೆ ಅದನ್ನೇ ಹಾಕಿ. ಊರಿನ ಪಟ್ಟಿಯಲ್ಲಿ ಬೆಂಗಳೂರು ಮೇಲೆ ಬಂದರೆ ನಮ್ಮವರು ಕೇಳಿಲ್ಲ ಅಂತ ತಿಳಿಯಬೇಡಿ. ಗುಳೆ ಹೋದ ನಮ್ಮ ಜನ ಅಲ್ಲಿ ಕಟ್ಟಡದ ಶೆಡ್ಡುಗಳಲ್ಲಿದ್ದಾರೆ, ರಾತ್ರಿ ಊಟ ಆದಮೇಲೆ ಊರ ಪದ ಹಾಕಿಕೊಂಡು ಕೇಳುತ್ತಾರೆ. ಆ ಕೇಳುಗರನ್ನು ನಾನು ಎಲ್ಲರಿಗಿಂತ ದೊಡ್ಡವರು ಅನ್ನುತ್ತೇನೆ. ಅವರ ಕಾಮೆಂಟಿಗೆ ಉತ್ತರ ಬರೆಯಿರಿ, ಯಾವೂರು ಅಂತ ಕೇಳಿ.

ಆ್ಯಪ್‌ನಲ್ಲಿ ಕಾಣದ ಲೆಕ್ಕವೂ ಇದೆ. ಯಾರಾದರೂ ಕಾಲರ್ ಟ್ಯೂನ್ ಇಟ್ಟುಕೊಂಡರೇ? ಬೇರೆ ಊರ ಮೇಳ ನಿಮ್ಮ ಧಾಟಿ ಹಿಡಿಯಿತೇ? ಜಾತ್ರೆ ಕಮಿಟಿಯವರು ಫೋನ್ ಮಾಡಿದರೇ? ನಿಮ್ಮೂರ ಹಿರಿಯರು "ಲಯ ಓಡಿಸಿದ್ರಿ, ಎರಡನೇ ನುಡಿಯಲ್ಲಿ ಮಾತು ತಪ್ಪಿದೆ" ಅಂದರೆ ವಾದ ಮಾಡದೆ ಬರೆದುಕೊಳ್ಳಿ. ನಿಮ್ಮ ಹಾಡಿಗೆ ಸಿಗುವ ನಿಜವಾದ ವಿಮರ್ಶೆ ಅದೇ. ಜಾತಿ, ಧರ್ಮ ಎತ್ತಿ ಬೈಯುವ ಕಾಮೆಂಟಿಗೆ ಮಾತ್ರ ಉತ್ತರ ಬೇಡ. ಯೂಟ್ಯೂಬ್‌ನಲ್ಲಿ ತಡೆಯಬೇಕಾದ ಪದಗಳ ಪಟ್ಟಿ ಹಾಕುವ ಸೌಲಭ್ಯ ಇದೆ, ಮೊದಲೇ ಹಾಕಿಟ್ಟುಕೊಳ್ಳಿ.

ದುಡ್ಡು? ಆ್ಯಪ್‌ಗಳಿಂದ ಈಗಲೇ ನಿರೀಕ್ಷೆ ಬೇಡ. ಸ್ಪಾಟಿಫೈನಲ್ಲಿ ಒಂದು ಹಾಡು ಹನ್ನೆರಡು ತಿಂಗಳಲ್ಲಿ 1000 ಸಲ ಓಡದಿದ್ದರೆ ಅದರ ಲೆಕ್ಕಕ್ಕೆ ರಾಯಲ್ಟಿಯೇ ಇಲ್ಲ. ಯೂಟ್ಯೂಬ್ ಜಾಹೀರಾತಿನ ಪಾಲಿಗೆ 1000 ಸಬ್‌ಸ್ಕ್ರೈಬರ್ ಜೊತೆಗೆ ವರ್ಷದಲ್ಲಿ 4000 ಗಂಟೆ ವೀಕ್ಷಣೆ ಬೇಕು. ಹಾಡು ದುಡ್ಡು ತರುವುದು ಬೇರೆ ದಾರಿಯಲ್ಲಿ. ಜಿಲ್ಲೆಯ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಚೇರಿಗೆ ಕಾರ್ಯಕ್ರಮ ಕೇಳಿ ಅರ್ಜಿ ಹಾಕುವಾಗ ಫೋಟೋ ಆಲ್ಬಂ ಬದಲು ಈ ಹಾಡಿನ ಲಿಂಕ್ ಕೊಡಿ. ಆಕಾಶವಾಣಿಯ ಹೊಸಪೇಟೆ, ರಾಯಚೂರು ಕೇಂದ್ರಗಳಲ್ಲಿ ಜಾನಪದ ಸಂಗೀತಕ್ಕೆ ಧ್ವನಿ ಪರೀಕ್ಷೆಗೆ ಯಾವಾಗ ಕರೆಯುತ್ತಾರೆ ಅಂತ ವಿಚಾರಿಸಿ. ಪಾಸಾದರೆ ಗ್ರೇಡ್ ಸಿಗುತ್ತದೆ, ಆ ಗ್ರೇಡ್ ತೋರಿಸಿದರೆ ಬೇರೆ ವೇದಿಕೆಗಳಲ್ಲೂ ಮಾತಿಗೆ ತೂಕ ಬರುತ್ತದೆ. ಅಲ್ಲಿ ನೇರವಾಗಿ ಹಾಡಿ ತೋರಿಸಬೇಕು, ರೆಕಾರ್ಡ್ ಆದ ಹಾಡು ನಡೆಯುವುದಿಲ್ಲ, ಅದಕ್ಕೆ ಮೇಳ ಅಭ್ಯಾಸ ಬಿಡಬಾರದು.

ಕೊನೆಗೆ ಒಂದು ಕೆಲಸ. ಸ್ಟುಡಿಯೋದವರಿಂದ ಮಿಕ್ಸ್ ಆದ ಫೈಲ್ ಜೊತೆಗೆ ಒಂದೊಂದು ಮೈಕಿನ ಬೇರೆ ಬೇರೆ ಫೈಲುಗಳನ್ನೂ ಕೇಳಿ ತೆಗೆದುಕೊಳ್ಳಿ. ಎರಡು ಹಾರ್ಡ್ ಡಿಸ್ಕ್‌ಗೆ ಹಾಕಿ ಇಬ್ಬರ ಮನೆಯಲ್ಲಿಡಿ. ಎರಡನೇ ಹಾಡಿನ ಅಭ್ಯಾಸವನ್ನು ಮೊದಲನೆಯದು ಹೊರಬರುವ ವಾರವೇ ಶುರು ಮಾಡಿ, ಎರಡರ ನಡುವೆ ಮೂರು ತಿಂಗಳಿಗಿಂತ ಜಾಸ್ತಿ ಬಿಡಬೇಡಿ.